ನೀರು ಬದಲಿಸಿದ ಮೇಲೆ ಮೀನು ಒದ್ದಾಡುತ್ತಿದೆಯೇ? ಮೊದಲು ಗಡಿಯಾರ ನೋಡಿ

ಮನೆಯ ಫಿಶ್ ಟ್ಯಾಂಕ್‌ನಲ್ಲಿ ಮೀನು ಸಾಯುವುದು ಕೊಳೆಯಿಂದ ಕಡಿಮೆ, ತೊಳೆದದ್ದರಿಂದ ಜಾಸ್ತಿ. ಹೀಗೆ ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನನ್ನ ಮೊದಲ ಟ್ಯಾಂಕ್ ಎರಡಡಿಯದು. ಒಂದು ಭಾನುವಾರ ಹುರುಪು ಬಂತು. ಮೀನುಗಳನ್ನು ಬಕೆಟ್‌ಗೆ ಬಿಟ್ಟು, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ಹೊಸದರಂತೆ ಮಾಡಿದೆ. ಗಾಜು ಫಳಫಳ. ಸಂಜೆ ಮೀನುಗಳೂ ಚೆನ್ನಾಗಿಯೇ ಓಡಾಡುತ್ತಿದ್ದವು. ಬುಧವಾರ ಬೆಳಗ್ಗೆ ಒಂದು ಗೋಲ್ಡ್ ಫಿಶ್ ತೇಲುತ್ತಿತ್ತು. ಗುರುವಾರ ಇನ್ನೊಂದು. ಮಾರಿದ ಅಂಗಡಿಯವರನ್ನು ಬೈದೆ, ಕಾಳು ಬದಲಿಸಿದೆ, ಗಾಬರಿಯಲ್ಲಿ ಮತ್ತೊಮ್ಮೆ ಪೂರ್ತಿ ನೀರು ಬದಲಿಸಿದೆ. ಉಳಿದ ಎರಡೂ ಹೋದವು.

ನಾನು ಆಗ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಒಂದೇ. ನೀರು ಬದಲಿಸಿ ಎಷ್ಟು ಹೊತ್ತಾದ ಮೇಲೆ ತೊಂದರೆ ಕಾಣಿಸಿತು? ಕೆಲವೇ ನಿಮಿಷ, ಒಂದೆರಡು ಗಂಟೆಯೊಳಗೆ ಕಂಡರೆ ತಪ್ಪು ಹೊಸ ನೀರಿನಲ್ಲಿದೆ. ಎರಡು ಮೂರು ದಿನ ಬಿಟ್ಟು ಕಂಡರೆ ತೊಳೆದ ರೀತಿಯಲ್ಲಿದೆ. ವಾರ ಕಳೆದು ಕಂಡರೆ ಹೆಚ್ಚಾಗಿ ರೋಗ. ಇದು ನೂರಕ್ಕೆ ನೂರು ಹೊಂದುವ ಲೆಕ್ಕವಲ್ಲ. ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.

ಕಾರಣ ಯಾವುದೇ ಇರಲಿ, ಮೊದಲು ಕಾಳು ಹಾಕುವುದನ್ನು ನಿಲ್ಲಿಸಿ. ದೊಡ್ಡ ಮೀನು ಎರಡು ಮೂರು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ. ಏರ್ ಪಂಪ್ ಪೂರ್ತಿ ಜೋರು ಮಾಡಿ. ಇರುವ ನೀರನ್ನೆಲ್ಲ ಚೆಲ್ಲಿಬಿಡೋಣ ಎಂದು ತವಕಿಸುವ ಕೈಯನ್ನು ಮಾತ್ರ ಕಟ್ಟಿಕೊಳ್ಳಿ.

ನೀರು ಹಾಕಿದ ಕೂಡಲೇ ಒದ್ದಾಟ

ಮೊದಲ ಅನುಮಾನ ಕ್ಲೋರಿನ್ ಮೇಲೆ. ಮೀನು ಹುಚ್ಚೆದ್ದಂತೆ ಅತ್ತಿಂದಿತ್ತ ನುಗ್ಗುತ್ತದೆ, ಗಾಜಿಗೆ ಬಡಿಯುತ್ತದೆ, ಆಮೇಲೆ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತದೆ. ಮೈಮೇಲೆ ಲೋಳೆ ಹೆಚ್ಚಿ ಬಣ್ಣ ಮಂಕಾಗುತ್ತದೆ.

ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆಸಿಕೊಂಡು ಊರಿಗೆ ಬರುತ್ತದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ಹೊಟ್ಟೆಗೆ ಅದು ಕಾವಲು. ಮೀನಿನ ಕಿವಿರಿಗೆ ಅದೇ ಸುಡುವ ವಿಷ.

ಪರೀಕ್ಷೆ ಸುಲಭ. ಕ್ಲೋರಿನ್ ಪರೀಕ್ಷೆಯ ಹನಿ ಇರುವ ಸಣ್ಣ ಬಾಟಲಿ ಸಿಗುತ್ತದೆ. ಬಿಳಿ ಲೋಟದಲ್ಲಿ ನಲ್ಲಿ ನೀರು ಹಿಡಿದು ಹನಿ ಹಾಕಿ. ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬಣ್ಣ ಗಾಢವಾದಷ್ಟೂ ಹೆಚ್ಚು. ವಾಸನೆ ನೋಡಿ ತೀರ್ಮಾನಿಸಬೇಡಿ. ನಮ್ಮ ಮೂಗಿಗೆ ಗೊತ್ತಾಗದಷ್ಟು ಕ್ಲೋರಿನ್ ಮೀನಿಗೆ ಸಾಕು.

ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯ ಹುಡುಗ ಒಮ್ಮೆ ಓಡಿ ಬಂದ. "ಅಂಕಲ್, ಯಾವಾಗ್ಲೂ ಹಾಕೋ ನೀರೇ ಹಾಕಿದ್ದು. ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ." ಅವರ ಮನೆಗೂ ನಮ್ಮ ಮನೆಗೂ ಬರುವುದು ಬೋರ್‌ವೆಲ್ ನೀರು, ಅದರಲ್ಲಿ ಕ್ಲೋರಿನ್ ಎಲ್ಲಿಂದ? "ನಿನ್ನೆ ಸಂಪ್ ತೊಳೆದ್ರಲ್ಲ ಕಣೋ" ಅಂದೆ. ತೊಳೆದವರು ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿದಿದ್ದರು. ಹನಿ ಹಾಕಿದರೆ ಲೋಟ ಅರಿಶಿನದ ನೀರಿನಂತಾಯಿತು. ಬೋರ್‌ವೆಲ್ ನೀರಿಗೆ ಕ್ಲೋರಿನ್ ಭಯವಿಲ್ಲ ಅನ್ನುವುದು ಸಂಪ್ ತೊಳೆಯುವ ದಿನದವರೆಗೆ ಮಾತ್ರ. ಬಾವಿಗೂ ಅಷ್ಟೇ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರನ್ನು ಟ್ಯಾಂಕಿಗೆ ಮುಟ್ಟಿಸಬೇಡಿ.

ಪರಿಹಾರ ಅಂಗಡಿಯಲ್ಲಿ ಆಂಟಿಕ್ಲೋರಿನ್ ಹೆಸರಲ್ಲಿ ಸಿಗುವ ದ್ರವ ಅಥವಾ ಹರಳು. ಹೆಚ್ಚಿನವುಗಳಲ್ಲಿ ಇರುವುದು ಸೋಡಿಯಂ ಥಯೋಸಲ್ಫೇಟ್. ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಬಕೆಟ್ಟಿನಲ್ಲೇ ಬೆರೆಸಿದರೆ ಬಕೆಟ್ಟಿನ ಅಳತೆಗೆ ಸಾಕು. ಮೀನು ಒದ್ದಾಡಲು ಶುರುವಾದ ಮೇಲೆ ಹಾಕುವುದಾದರೆ ಇಡೀ ಟ್ಯಾಂಕಿನ ಲೀಟರ್ ಲೆಕ್ಕಕ್ಕೆ ಹಾಕಬೇಕು. ಲೆಕ್ಕ ಹೀಗೆ: ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60, 30, 30 ಆದರೆ 54 ಲೀಟರ್. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 45ರ ಆಸುಪಾಸು.

ದ್ರವ ಬೇಡ ಅಂದರೆ ಅಗಲ ಬಾಯಿಯ ಟಬ್ಬಿನಲ್ಲಿ 24 ಗಂಟೆ ನೀರು ತೆರೆದಿಡಿ. ಏರ್ ಪಂಪಿನ ಪೈಪಿನ ತುದಿಗೆ ಸಿಕ್ಕಿಸುವ ಗುಳ್ಳೆ ಬಿಡುವ ಕಲ್ಲು, ಅಂದರೆ ಒಂದು ಏರ್ ಸ್ಟೋನ್ ಬಿಟ್ಟರೆ ಇನ್ನೂ ಬೇಗ ಕ್ಲೋರಿನ್ ಹೋಗುತ್ತದೆ. ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ ಇಟ್ಟರೆ ಇಟ್ಟ ಹಾಗಾಗುವುದಿಲ್ಲ.

ಹನಿ ಹಾಕಿದರೂ ನೀರು ಬಣ್ಣ ತಿರುಗಲಿಲ್ಲವೇ? ಹಾಗಿದ್ದರೆ ಥರ್ಮಾಮೀಟರ್ ಹುಡುಕಿ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ. ಜನವರಿ ಬೆಳಗ್ಗೆ ಅದೇ ನಲ್ಲಿ ಕೈ ಕೊರೆಯುತ್ತದೆ. ಹಳೆ ನೀರಿಗೂ ಹೊಸ ನೀರಿಗೂ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ತಣ್ಣೀರಿನ ಪೆಟ್ಟು ತಿಂದ ಮೀನು ನುಗ್ಗಾಡುವುದಿಲ್ಲ, ರೆಕ್ಕೆ ಮೈಗೆ ಅಂಟಿಸಿಕೊಂಡು ತಳದಲ್ಲಿ ಕೂರುತ್ತದೆ.

ಆಗಷ್ಟೇ ಮೇಲೆತ್ತಿದ ಬೋರ್‌ವೆಲ್ ನೀರಿಗೆ ಇನ್ನೊಂದು ಗುಣ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವುದುಂಟು. ಮೀನು ಮೇಲೆ ಬಂದು ಗಾಳಿ ನುಂಗುತ್ತದೆ, ಏರ್ ಪಂಪ್ ಜೋರು ಮಾಡಿದರೆ ಗಂಟೆಯೊಳಗೆ ಸರಿಹೋಗುತ್ತದೆ. ಇದಕ್ಕೂ ಟಬ್ಬಿನಲ್ಲಿ ಒಂದು ರಾತ್ರಿ ಇಡುವುದೇ ಮದ್ದು.

ಆರು ತಿಂಗಳು ಮುಟ್ಟದ ಟ್ಯಾಂಕನ್ನು ಒಂದೇ ದಿನ ತೊಳೆದರೆ

ಇದನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಒಳ್ಳೆಯ ನೀರೇ ಮೀನನ್ನು ಕೊಲ್ಲುತ್ತದೆ. "ಕೊಳಕು ನೀರಲ್ಲಿ ಆರು ತಿಂಗಳು ಬದುಕಿತ್ತು, ಶುದ್ಧ ನೀರು ಹಾಕಿದ ದಿನವೇ ಸತ್ತಿತು" ಎಂದು ಜನ ಹೇಳುತ್ತಾರಲ್ಲ, ಅದು ಸುಳ್ಳಲ್ಲ.

ಮೀನಿನ ಹಿಕ್ಕೆ ಕೊಳೆತು ನೀರಿನೊಳಗೆ ನಡೆಯುವ ಕ್ರಿಯೆಗಳಿಂದ ಹಳೆ ಟ್ಯಾಂಕಿನ ನೀರು ನಿಧಾನವಾಗಿ ಆಮ್ಲೀಯವಾಗುತ್ತದೆ. ಆಮ್ಲ, ಕ್ಷಾರ ಅಳೆಯುವ ಅಂಕೆಯಾದ ಪಿಎಚ್ 7ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಸ್ಥಿತಿಯಲ್ಲಿ, ಹಿಕ್ಕೆಯಿಂದ ನೀರಿಗೆ ಸೇರಿದ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ. ಅದು ಮೀನಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮೀನು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಹೊಂದಿಕೊಂಡು ಹೇಗೋ ಇರುತ್ತದೆ.

ಈಗ ನೀವು ಮುಕ್ಕಾಲು ಟ್ಯಾಂಕ್ ಖಾಲಿ ಮಾಡಿ ಪಿಎಚ್ 8 ಇರುವ ಗಡಸು ಬೋರ್‌ವೆಲ್ ನೀರು ತುಂಬುತ್ತೀರಿ. ಉಳಿದ ನೀರು, ಕಲ್ಲಿನ ಸಂದಿಯ ಕೊಳೆ ಎಲ್ಲದರಲ್ಲೂ ಇದ್ದ ಅಮೋನಿಯಂ ಅಲ್ಲಲ್ಲೇ ವಿಷದ ಅಮೋನಿಯಾ ಆಗಿ ತಿರುಗುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.6ರಷ್ಟು. ಪಿಎಚ್ 8 ಆದರೆ ಶೇ. 5ಕ್ಕೂ ಮೇಲೆ. ಒಂದೇ ಒಂದು ಅಂಕೆ ಏರಿದ್ದಕ್ಕೆ ಸುಮಾರು ಒಂಬತ್ತು ಪಟ್ಟು. ಇದರ ಜೊತೆಗೆ ದಿಢೀರ್ ಪಿಎಚ್ ಬದಲಾವಣೆಯ ಪೆಟ್ಟು ಬೇರೆ.

ಆದ್ದರಿಂದ ಊರಿಗೆ ಹೋಗಿ ಬಂದು, ಪರೀಕ್ಷೆ ಮುಗಿಸಿ, ಅಥವಾ ಸುಮ್ನೆ ಸೋಮಾರಿತನದಿಂದ ಬಿಟ್ಟ ಟ್ಯಾಂಕನ್ನು ಒಂದೇ ಸಲ ಸರಿ ಮಾಡಲು ಹೋಗಬೇಡಿ. ದಿನಕ್ಕೆ ಹತ್ತನೇ ಒಂದು ಭಾಗ ನೀರು ತೆಗೆದು ಹಾಕಿ, ಹತ್ತು ದಿನ. ತಳದ ಕೊಳೆಯನ್ನೂ ಒಂದು ದಿನ ಎಡಮೂಲೆ, ಇನ್ನೊಂದು ದಿನ ಬಲಮೂಲೆ ಎಂದು ಪೈಪಿನಲ್ಲಿ ಎಳೆಯಿರಿ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಸಾಕು. ಎರಡಡಿ ಟ್ಯಾಂಕಿಗೆ ಅದು ಒಂದು ಸಾಧಾರಣ ಬಕೆಟ್.

"ಹಾಗಾದರೆ ಆರ್‌ಒ ನೀರು ಹಾಕಿಬಿಡೋಣ, ಅದು ಮೆದು ನೀರು ಅಲ್ವಾ?" ಎಂದು ಕೇಳುವವರಿದ್ದಾರೆ. ಬರೀ ಆರ್‌ಒ ನೀರಿನಲ್ಲಿ ಖನಿಜಾಂಶವೇ ಇರುವುದಿಲ್ಲ, ಪಿಎಚ್ ನಿಲ್ಲುವುದಿಲ್ಲ. ಗಪ್ಪಿ, ಮಾಲಿ, ಗೋಲ್ಡ್ ಫಿಶ್‌ಗಳಿಗೆ ನಮ್ಮ ಗಡಸು ನೀರೇ ಹಿತ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನಂತೂ ಹಾಕಲೇಬೇಡಿ. ಬೇಡವೆಂದು ತೆಗೆದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ.

ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ

ನನ್ನ ಭಾನುವಾರದ ಕಥೆ ಇಲ್ಲಿಗೆ ಸೇರಿದ್ದು.

ಫಿಲ್ಟರಿನ ಕಂದು ಸ್ಪಂಜು ನೋಡಿದರೆ ಅಸಹ್ಯವಾಗುತ್ತದೆ. ಆದರೆ ಟ್ಯಾಂಕಿನ ಜೀವ ಇರುವುದೇ ಅಲ್ಲಿ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಕಾಳಿನಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಸ್ಪಂಜಿನಲ್ಲೂ ಕಲ್ಲಿನ ಮೇಲೂ ಅಂಟಿ ಬೆಳೆದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಕೊನೆಯದು ಬಹಳ ಹೆಚ್ಚಾದರೆ ಮಾತ್ರ ತೊಂದರೆ. ಕ್ಲೋರಿನ್ ನೀರಿನಲ್ಲಿ ಸ್ಪಂಜು ಹಿಂಡಿ, ಬಿಸಿನೀರಿನಲ್ಲಿ ಕಲ್ಲು ತೊಳೆದರೆ ಈ ಬ್ಯಾಕ್ಟೀರಿಯಾ ಹೋದವು ಎಂದೇ ಅರ್ಥ. ಅಮೋನಿಯಾ ಮಾತ್ರ ನಿಲ್ಲುವುದಿಲ್ಲ. ತುಂಬಿಕೊಳ್ಳಲು ಎರಡು ಮೂರು ದಿನ ಬೇಕು. ಅದಕ್ಕೇ ಭಾನುವಾರ ತೊಳೆದರೆ ಬುಧವಾರ ಸಾವು.

ಲಕ್ಷಣ: ಮೀನು ಮಂಕು, ಕಾಳಿಗೆ ಬರುವುದಿಲ್ಲ, ಕಿವಿರು ಕೆಂಪಾಗಿ ಉರಿದಂತೆ ಕಾಣುತ್ತದೆ, ಉಸಿರಾಟ ಜೋರು. ನೈಟ್ರೈಟ್ ಏರಿದ್ದರೆ ಕಿವಿರು ಕಂದು ಬಣ್ಣಕ್ಕೆ ತಿರುಗಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ನೀರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ. ಮೋಸ ಹೋಗುವುದು ಇಲ್ಲೇ.

ಅಮೋನಿಯಾ ಪರೀಕ್ಷೆಯ ಕಿಟ್ ಒಂದನ್ನು ಕೊಂಡಿಡಿ. ಮೀನಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ ಎಂದು ನಾನು ಹೇಳುತ್ತೇನೆ. ಸರಿಯಾದ ಟ್ಯಾಂಕಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಬಣ್ಣ ತಿರುಗಿದರೆ ದಿನಾ ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ, ಹದ ಬಿಸಿಯ ನೀರು. ಫಿಲ್ಟರನ್ನು ಮುಟ್ಟಬೇಡಿ. ನೈಟ್ರೈಟ್ ಇದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಬೇರೆ ನೀರಿನಲ್ಲಿ ಕರಗಿಸಿ ಹಾಕಿದರೆ ವಿಷ ಕಿವಿರಿನೊಳಗೆ ಹೋಗುವುದು ಕಡಿಮೆಯಾಗುತ್ತದೆ. ಟ್ಯಾಂಕಿನಲ್ಲಿ ನಾಜೂಕು ಗಿಡಗಳಿದ್ದರೆ, ಕ್ಯಾಟ್ ಫಿಶ್ ಜಾತಿಯವಿದ್ದರೆ ಉಪ್ಪು ಕೈ ಹಿಡಿದು ಹಾಕಿ.

ಎಲ್ಲಕ್ಕಿಂತ ಬೇಗ ಫಲ ಕೊಡುವುದು ಹೆಪ್ಪು. ಹೌದು, ಮೊಸರಿಗೆ ಹಾಕುವ ಹಾಗೆಯೇ. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇರುವ ಗೆಳೆಯರ ಮನೆಯಿಂದ ಹಳೆ ಸ್ಪಂಜಿನ ಒಂದು ತುಂಡು ತನ್ನಿ, ಒದ್ದೆಯಾಗಿಯೇ. ನಿಮ್ಮ ಫಿಲ್ಟರಿನೊಳಗೆ ತುರುಕಿ. ಏನೂ ಇಲ್ಲದೆ ಹೊಸದಾಗಿ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೆಪ್ಪು ಹಾಕಿದರೆ ಆ ಕಾಯುವಿಕೆ ಎಷ್ಟೋ ಕಡಿಮೆಯಾಗುತ್ತದೆ. ಆ ಮನೆಯ ಮೀನಿಗೆ ರೋಗವಿಲ್ಲ ಎಂದು ಮಾತ್ರ ಖಾತ್ರಿ ಮಾಡಿಕೊಳ್ಳಿ.

ಮುಂದೆ ಸ್ಪಂಜು ತೊಳೆಯುವ ರೀತಿ: ಟ್ಯಾಂಕಿನಿಂದ ತೆಗೆದ ಹಳೆ ನೀರಿನ ಬಕೆಟ್ಟಿನಲ್ಲೇ ಎರಡು ಮೂರು ಸಲ ಹಿಂಡಿ, ಹಾಗೇ ವಾಪಸ್ ಹಾಕಿ. ಬಣ್ಣ ಹೋಗಬೇಕಾಗಿಲ್ಲ. ಕಲ್ಲು ತೊಳೆಯುವ ವಾರ ಸ್ಪಂಜು ಮುಟ್ಟಬೇಡಿ, ಸ್ಪಂಜು ತೊಳೆಯುವ ವಾರ ಕಲ್ಲು. ಸೋಪು, ಪಾತ್ರೆ ತೊಳೆಯುವ ದ್ರವ ಯಾವ ಕಾರಣಕ್ಕೂ ಬೇಡ. ಪಾತ್ರೆಯ ಹಳೆ ಸ್ಕ್ರಬ್ಬರ್ ಕೂಡ ಬೇಡ, ಅದರಲ್ಲಿ ಸೋಪು ಉಳಿದಿರುತ್ತದೆ.

ಸ್ಪಂಜು ತೊಳೆದೇ ಇಲ್ಲ, ಆದರೂ ಹೀಗಾಯಿತು ಅನ್ನುವವರು ಕರೆಂಟ್ ನೆನಪು ಮಾಡಿಕೊಳ್ಳಿ. ಫಿಲ್ಟರ್ ಬಹಳ ಹೊತ್ತು ನಿಂತರೆ ಒಳಗಿನ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಸಿಗದೆ ಸಾಯುತ್ತವೆ, ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಆದರೆ ಇನ್ನೂ ಬೇಗ. ಅರ್ಧ ದಿನ ಕರೆಂಟ್ ಹೋಗಿದ್ದರೆ ಸ್ವಿಚ್ ಹಾಕುವ ಮೊದಲು ಫಿಲ್ಟರ್ ತೆರೆದು ಒಳಗಿನ ನಾರುವ ನೀರು ಚೆಲ್ಲಿ. ಇಲ್ಲದಿದ್ದರೆ ಕರೆಂಟ್ ಬಂದ ಕೂಡಲೇ ಅದೆಲ್ಲ ಟ್ಯಾಂಕಿಗೆ ನುಗ್ಗುತ್ತದೆ.

ವಾರ ಕಳೆದ ಮೇಲೆ ಬಿಳಿ ಚುಕ್ಕೆ

ಮೈಮೇಲೆ ಪುಡಿ ಉಪ್ಪು ಉದುರಿಸಿದಂತೆ ಚುಕ್ಕೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಇದು ಇಕ್ ಎಂಬ ಪರಾವಲಂಬಿ ಜೀವಿಯ ಕೆಲಸ. ತಣ್ಣೀರಿನ ಪೆಟ್ಟು ತಿಂದು ಸೊರಗಿದ ಮೀನಿಗೆ ಬೇಗ ಹತ್ತುತ್ತದೆ. ಮೈಮೇಲಿದ್ದಾಗ ಅದಕ್ಕೆ ಔಷಧಿ ನಾಟುವುದಿಲ್ಲ. ಉದುರಿ, ತಳದಲ್ಲಿ ಮರಿ ಮಾಡಿ, ಆ ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ನೀರು ಬೆಚ್ಚಗಾದಷ್ಟೂ ಈ ಚಕ್ರ ಬೇಗ ಸುತ್ತುತ್ತದೆ. ಅದಕ್ಕೇ ಹೀಟರ್ ಇಟ್ಟು ನಿಧಾನವಾಗಿ 28–30 ಡಿಗ್ರಿಗೆ ಏರಿಸಿ ಔಷಧಿ ಹಾಕುತ್ತಾರೆ. ಚುಕ್ಕೆ ಮಾಯವಾದ ದಿನವೇ ನಿಲ್ಲಿಸಬೇಡಿ, ಇನ್ನೊಂದು ವಾರ ಮುಂದುವರಿಸಿ. ಫಿಲ್ಟರಿನಲ್ಲಿ ಇದ್ದಿಲಿನ ಚೀಲವಿದ್ದರೆ ತೆಗೆದಿಡಿ, ಔಷಧಿಯನ್ನೆಲ್ಲ ಅದೇ ಹೀರಿಬಿಡುತ್ತದೆ.

ನೀರು ಹಾಕಿದ ದಿನವೇ ಚುಕ್ಕೆ ಕಂಡರೆ ಅದು ಇಕ್ ಅಲ್ಲ, ಗಾಳಿಗುಳ್ಳೆ. ಒತ್ತಡದಲ್ಲಿ ಬಂದ ತಣ್ಣನೆ ನೀರಿನಿಂದ ಗಾಳಿ ಬಿಟ್ಟುಕೊಂಡು ಗಾಜಿಗೂ ಮೀನಿಗೂ ಅಂಟುತ್ತದೆ. ಗಾಜು ನೋಡಿ, ಅಲ್ಲೂ ಗುಳ್ಳೆ ಇದ್ದರೆ ಔಷಧಿ ಬೇಡ. ಮುಂದಿನ ಸಲ ಪೈಪನ್ನು ನಲ್ಲಿಯಿಂದ ನೇರ ಟ್ಯಾಂಕಿಗೆ ಬಿಡಬೇಡಿ.

ಮೀನು ಚೆನ್ನಾಗಿದೆ, ನೀರು ಚೆನ್ನಾಗಿಲ್ಲ

ತುಂಬಿದ ಕೂಡಲೇ ಹಾಲಿನಂತಾದರೆ ಕಲ್ಲಿನ ಧೂಳು, ತಾನೇ ಕೂರುತ್ತದೆ. ಎರಡು ಮೂರನೇ ದಿನ ಹಾಲಿನಂತಾದರೆ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆ, ಅಮೋನಿಯಾ ಪರೀಕ್ಷಿಸಿ, ಕಾಳು ಕಡಿಮೆ ಮಾಡಿ. ಚಹಾ ಬಣ್ಣ ಬಂದರೆ ಒಳಗೆ ಇಟ್ಟ ಮರದ ತುಂಡಿನದು, ತೊಂದರೆಯಿಲ್ಲ.

ಹಸಿರು ನೀರು ಬೇರೆಯದೇ ಗೋಳು. ಬದಲಿಸಿದ ನಾಲ್ಕೇ ದಿನಕ್ಕೆ ಮತ್ತೆ ಹಸಿರು. ಕಾರಣ ಬೆಳಕು. ಕಿಟಕಿಯ ಬಿಸಿಲು ಬೀಳುವ ಜಾಗದಿಂದ ಟ್ಯಾಂಕ್ ಸರಿಸಿ, ಲೈಟ್ ದಿನಕ್ಕೆ 6–8 ಗಂಟೆಗೆ ಇಳಿಸಿ. ಕೆಲವು ಕಡೆ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಹೆಚ್ಚಿರುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಅಂಥ ನೀರನ್ನು ಪದೇ ಪದೇ ಬದಲಿಸುವುದೆಂದರೆ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಪಾಚಿ ತಿನ್ನುತ್ತದೆ ಎಂದು ಅಂಗಡಿಯಲ್ಲಿ ಸಕ್ಕರ್ ಫಿಶ್ ಕೊಡುತ್ತಾರೆ. ಅದು ಗಾಜಿನ ಪಾಚಿ ನೆಕ್ಕುತ್ತದೆ ನಿಜ, ಹಸಿರು ನೀರಿಗೆ ಏನೂ ಮಾಡುವುದಿಲ್ಲ. ಮೇಲಾಗಿ ಒಂದಡಿಗಿಂತ ಉದ್ದ ಬೆಳೆಯುತ್ತದೆ, ಅದರ ಹಿಕ್ಕೆ ಬಳಿಯಲು ಇನ್ನೊಬ್ಬರು ಬೇಕು. ಸಾಕಾಯಿತು ಎಂದು ಕೆರೆಗೆ ಬಿಡಬೇಡಿ, ಅದು ನಮ್ಮ ನೀರಿನ ಮೀನಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಲ್ಲಿನ ಪದರ ದಪ್ಪವಾಗಿದೆ, ಅಡಿಯಲ್ಲಿ ಗಾಳಿಯಾಡದೆ ಕೊಳೆತಿದೆ. ಒಮ್ಮೆಲೇ ಕೆದಕಬೇಡಿ, ಆ ಅನಿಲವೂ ವಿಷ. ಮೂಲೆ ಮೂಲೆಯಾಗಿ ಪೈಪಿನಲ್ಲಿ ಎಳೆಯಿರಿ.

ತೊಳೆದ ಮೇಲೆ ಫಿಲ್ಟರ್ ಓಡುತ್ತಿಲ್ಲ

ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ನೀರಿನೊಳಗೇ ಓರೆ ಮಾಡಿ ಅಲ್ಲಾಡಿಸಿ, ಗುಳ್ಳೆ ಹೊರಬಂದು ಓಡುತ್ತದೆ. ಗಾಜಿಗೆ ನೇತುಹಾಕುವ ಫಿಲ್ಟರ್ ಆದರೆ ಅದರ ಡಬ್ಬಿಗೆ ಒಂದು ಮಗ್ ನೀರು ತುಂಬಿ ಸ್ವಿಚ್ ಹಾಕಿ. ಆಗಲೂ ಓಡದಿದ್ದರೆ ಪ್ಲಗ್ ತೆಗೆದು ಒಳಗಿನ ಪುಟ್ಟ ರೆಕ್ಕೆಯನ್ನು ಹೊರಗೆಳೆದು ನೋಡಿ. ಒಂದು ಸಣ್ಣ ಕಲ್ಲೋ, ಕೂದಲೋ ಸಿಕ್ಕಿರುತ್ತದೆ.

ಏರ್ ಪಂಪ್ ಗಾಳಿ ಕಡಿಮೆಯಾದರೆ ಮೊದಲು ಏರ್ ಸ್ಟೋನ್ ಕಳಚಿ. ಬರೀ ಪೈಪಿನಲ್ಲಿ ಗಾಳಿ ಜೋರಾಗಿ ಬಂದರೆ ಸ್ಟೋನ್‌ಗೆ ಸುಣ್ಣ ಕಟ್ಟಿದೆ, ಬದಲಿಸಿ. ಆಗಲೂ ಬರದಿದ್ದರೆ ಪಂಪಿನೊಳಗಿನ ರಬ್ಬರ್ ಹರಿದಿದೆ. ಪಂಪನ್ನು ಯಾವಾಗಲೂ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಇಲ್ಲವಾದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೂ ಪ್ಲಗ್ಗಿಗೂ ಬರುತ್ತದೆ.

ಹೀಟರ್ ಇದ್ದರೆ ನೀರು ತೆಗೆಯುವ ಕಾಲು ಗಂಟೆ ಮೊದಲೇ ಆರಿಸಿ. ಬಿಸಿ ಗಾಜಿನ ಕೊಳವೆ ನೀರಿನಿಂದ ಹೊರಬಿದ್ದು ಮತ್ತೆ ತಣ್ಣೀರು ತಗುಲಿದರೆ ಸಿಡಿಯುತ್ತದೆ. ಕೈ ನೀರಿಗೆ ಹಾಕುವ ಮೊದಲು ಎಲ್ಲ ಪ್ಲಗ್ ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು.

ಟ್ಯಾಂಕಿನ ಕೆಳಗೆ ನೀರು

ಗಾಬರಿಯಾಗಬೇಡಿ, ಒರೆಸಿ. ಟ್ಯಾಂಕಿನ ಸುತ್ತ ಒಣ ನ್ಯೂಸ್‌ಪೇಪರ್ ಹಾಸಿ ಒಂದು ರಾತ್ರಿ ಬಿಡಿ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಒದ್ದೆಯಾದರೆ ಏರ್ ಸ್ಟೋನ್ ಸಿಡಿಸಿದ ಹನಿ ಇರಬಹುದು. ವೈರ್ ಹಿಡಿದು ಜಾರಿ ಬಂದ ನೀರೂ ಇರಬಹುದು. ಒಂದೇ ಮೂಲೆ ಒದ್ದೆಯಾದರೆ ಸಿಲಿಕೋನ್ ಹೋಗಿದೆ. ಪಾಚಿ ಕೆರೆಯುವಾಗ ಬ್ಲೇಡ್ ತಾಗಿಸಿದ್ದೀರಿ, ಇಲ್ಲವೇ ನೀರು ಇರುವಾಗಲೇ ಟ್ಯಾಂಕ್ ಎತ್ತಿ ಸರಿಸಿದ್ದೀರಿ. 45 ಲೀಟರ್ ನೀರೆಂದರೆ 45 ಕಿಲೋ, ಕಲ್ಲು ಬೇರೆ. ಮೂಲೆ ಬಿಡದೆ ಇನ್ನೇನು?

ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯುವುದಿಲ್ಲ. ಖಾಲಿ ಮಾಡಿ, ಹಳೆಯದನ್ನು ಆ ಮೂಲೆಯಲ್ಲಿ ಪೂರ್ತಿ ಕೆರೆದು, ಒಣಗಿಸಿ, ಅಕ್ವೇರಿಯಂಗೆಂದೇ ಇರುವ ಸಿಲಿಕೋನ್ ಹಚ್ಚಿ. ಬಾತ್‌ರೂಮಿಗೆ ಹಚ್ಚುವುದರಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಇರುತ್ತದೆ, ಅದು ಮೀನಿಗೆ ಆಗದು. ಎರಡು ಮೂರು ದಿನ ಒಣಗಲು ಬಿಟ್ಟು ನೀರು ತುಂಬಿ ಒಂದು ದಿನ ನೋಡಿ. ಅಲ್ಲಿಯವರೆಗೆ ಮೀನುಗಳು ಅಗಲ ಟಬ್ಬಿನಲ್ಲಿ, ಹಳೆ ನೀರಿನಲ್ಲೇ ಇರಲಿ. ಫಿಲ್ಟರ್ ಕೂಡ ಅವುಗಳ ಜೊತೆಗೇ ಓಡುತ್ತಿರಲಿ.

ತೆಗೆದ ನೀರನ್ನು ಕರಿಬೇವಿಗೋ ಗುಲಾಬಿಗೋ ಹಾಕಿ, ನೈಟ್ರೇಟ್ ಅವಕ್ಕೆ ಊಟ. ಉಪ್ಪೋ ಔಷಧಿಯೋ ಹಾಕಿದ ವಾರದ ನೀರನ್ನು ಮಾತ್ರ ಮೋರಿಗೆ ಚೆಲ್ಲಿ.